ಶನಿವಾರದ ಮೂವತ್ತಮೂರು ಡಿಗ್ರಿ

ಉಳ್ಳಾಲದ ಬಸ್ಸು ಪಂಪ್‌ವೆಲ್‌ನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದೆ ಎಂದು ಯಾದವ ಮೆಸೇಜ್ ಮಾಡಿ ಹನ್ನೆರಡು ನಿಮಿಷವಾಗಿತ್ತು. ಅಷ್ಟರಲ್ಲಿ ನಾನು ಕಂಕನಾಡಿಯ ನಮ್ಮ ಪುಟ್ಟ ಆಫೀಸಿನ ಕಿಟಕಿಗೆ ಐದು ಸಲ ಹೋಗಿ ಬಂದಿದ್ದೆ.

ಸಂಜೆ ಐದರೊಳಗೆ ಇಲಾಖೆಗೆ ವರದಿ ಕಳಿಸಬೇಕು. ಘಟ್ಟದ ಬುಡದ ಒಂದು ಹೊಳೆಗುಂಡಿಯ ನೀರು ವರ್ಷವಿಡೀ ತಂಪಾಗಿರುತ್ತದೆ ಎಂದು ತೋರಿಸಿದರೆ ಮಾತ್ರ, ತಂಪು ನೀರು ಬೇಡುವ ಪೆರುವೋಳು ಮೀನಿನ ನೆಲೆಯೆಂದು ಅದಕ್ಕೆ ರಕ್ಷಣೆ. ಆದರೆ ನೀರಿನ ತಾಪ ದಾಖಲಿಸುವ ನಮ್ಮ ಬೆರಳುದ್ದದ ಲಾಗರ್, ಪ್ರತಿ ಶನಿವಾರ ಹನ್ನೊಂದರ ಹೊತ್ತಿಗೆ ಇಪ್ಪತ್ತೆರಡು ಡಿಗ್ರಿಯಿಂದ ಮೂವತ್ತಮೂರಕ್ಕೆ ಹಾರಿತ್ತು. ಶನಿವಾರ ಅದನ್ನು ತೊಳೆಯಲು ಹೋಗುವವನು ಯಾದವ ಒಬ್ಬನೇ.

ಬಂದ. ಬೆವರು ಒರೆಸಿಕೊಳ್ಳುತ್ತಾ ನಕ್ಕ. ನಾನು ನಗಲಿಲ್ಲ.

"ಲಾಗರನ್ನು ಬಿಸಿಲಲ್ಲಿಟ್ಟು ಎಲ್ಲಿಗೆ ಹೋಗ್ತೀರಿ?"

"ಬಿಸಿಲಲ್ಲಿ ಯಾಕೆ ಇಡ್ತೇನೆ? ನನ್ನ ಕೈಯಲ್ಲೇ ಇರ್ತದೆ."

"ಅರ್ಧ ಗಂಟೆ ಕೈಯಲ್ಲಿ ಎಂತಕ್ಕೆ?"

"ನೀವೇ ಹೇಳಿದ್ದಲ್ವಾ ಮೇಡಂ? ಗಂಟಿನ ಫೋಟೋ ಕಳಿಸಿ, ನಾನು ಓಕೆ ಅನ್ನದೆ ನೀರಿಗೆ ಬಿಡ್ಬೇಡಿ ಅಂತ. ಅಲ್ಲಿ ನೆಟ್‌ವರ್ಕ್ ಎಲ್ಲಿ ಉಂಟು? ಗುಡ್ಡೆ ಹತ್ತಬೇಕು. ಹತ್ತಿ ನಿಮ್ಮ ಓಕೆಗೆ ಕಾಯಬೇಕು."

ಮೊದಲ ಲಾಗರ್ ಗಂಟು ಬಿಚ್ಚಿ ಕೊಚ್ಚಿಹೋದ ಮೇಲೆ ಆ ನಿಯಮ ಮಾಡಿದವಳು ನಾನೇ. ಗ್ರಾಫಿನಲ್ಲಿ ಮುಳ್ಳಿನಂತೆ ಎದ್ದು ನಿಂತಿದ್ದದ್ದು ನನ್ನ ಹೆದರಿಕೆ.

"ಅಮ್ಮ ತಮಾಷೆ ಮಾಡ್ತಾರೆ," ಎಂದ. "ಮನೆ ಎದುರು ಸಮುದ್ರ ಇಟ್ಕೊಂಡು, ಹಿಡಿಯಲಿಕ್ಕಿಲ್ಲದ ಮೀನನ್ನು ಕಾಯ್ಲಿಕ್ಕೆ ಹೋಗ್ತಾನೆ ಅಂತ."

ನಾನು ಸ್ಕ್ರೀನಿನ ಮೇಲೆ ಬೆರಳಿಟ್ಟೆ. "ಜನವರಿಯ ಈ ಶನಿವಾರ ಮಾತ್ರ ಎರಡು ಗಂಟೆ ಹೊತ್ತು ನೀರಿನ ಹೊರಗೆ ಉಂಟು."

ಅವನ ನಗು ನಿಂತಿತು. "ಅವತ್ತು ನಿಮ್ಮ ಓಕೆ ಬರ್ಲೇ ಇಲ್ಲ."

ನನ್ನ ಮಮ್ಮಿಗೆ ಆಪರೇಷನ್ ಆದ ದಿನ ಅದು.

"ಲಾಗರನ್ನು ನೀರಿಗೆ ಬಿಟ್ಟು ಮನೆಗೆ ಹೋಗಬಹುದಿತ್ತು," ಎಂದ ನೆಲ ನೋಡುತ್ತಾ. "ನಿಮಗೆ ಎಂತ ಆಯ್ತೋ ಅಂತ ಇಳಿಯಲಿಕ್ಕೆ ಮನಸ್ಸಾಗ್ಲಿಲ್ಲ."

ನಾನು ವರದಿಯ ಕೊನೆಗೆ ಟೈಪ್ ಮಾಡಿದೆ: 'ಶನಿವಾರದ ಈ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆಗ ಲಾಗರ್ ನೀರಿನ ಹೊರಗಿತ್ತು. ಪುರಾವೆಗೆ ಫೋಟೋಗಳಿವೆ. ತಪ್ಪು ನನ್ನ ನಿಯಮದ್ದು.' ಕೆಳಗೆ ಶರೊನ್ ಎಂದು ಹೆಸರು ಹಾಕಿ, ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದೆ.

"ಇನ್ನು ಓಕೆ ಬೇಡ. ತೊಳೆದು, ಗಂಟು ಹಾಕಿ, ಕೂಡಲೇ ನೀರಿಗೆ ಬಿಡಿ."

ಅವನ ಮುಖ ಸಣ್ಣದಾಯಿತು. "ಹಾಗಾದ್ರೆ ಗುಡ್ಡೆ ಹತ್ಲಿಕ್ಕಿಲ್ವಾ?"

"ಹತ್ತಿ. ಹತ್ತಿ ಫೋನ್ ಮಾಡಿ."

"ಎಂತ ಹೇಳ್ಲಿಕ್ಕೆ ಮೇಡಂ?"

"ಮೊದಲು ಶರೊನ್ ಅಂತ ಹೇಳಲಿಕ್ಕೆ ಕಲೀರಿ."

ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಮೇಜಿನ ಮೇಲೆ ಸುಮ್ಮನಿರಲಾರದೆ ಪೆನ್ನು ತಿರುಗಿಸುತ್ತಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ. ಅಂಗೈ ಬೆಚ್ಚಗಿತ್ತು, ಮೂವತ್ತಮೂರೇ ಇರಬೇಕು.

ಲಾಗರ್ ಸುಳ್ಳು ಹೇಳಿರಲಿಲ್ಲ.