ಸ್ಕೋರಿಗೊಂದು ಹೊಲಿಗೆ, ಸಾಹೇಬರಿಗೊಂದು ಗುಂಡಿ

ಸಮಸ್ತ ಸಾಲಗಾರರಿಗೂ, ಸಾಲ ಸಿಗದೆ ಸಾಲಿನಲ್ಲಿ ನಿಂತವರಿಗೂ ಈ ಮೂಲಕ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಬ್ಯಾಂಕಿನ ಸಾಲ ವಿಭಾಗದಲ್ಲಿ ಕಿಟಕಿ ಪಕ್ಕದ ಕುರ್ಚಿಗೆ ಒಂದು ಕಾಲು ಕುಂಟು.

ಇಷ್ಟು ಮಹತ್ವದ ವಿಷಯವನ್ನು ಯಾರೂ ಬೋರ್ಡಿನಲ್ಲಿ ಬರೆದು ಹಾಕಿರಲಿಲ್ಲ. ಹಾಗಾಗಿ ಅವಳು ಕೂತಳು. ವಾಲಿದಳು. "ಅಯ್ಯೋ!" ಎಂದಳು.

ಮೇಜಿನಾಚೆಯ ಅಧಿಕಾರಿ ಚಂಗನೆ ಎದ್ದು ಎರಡೂ ಕೈ ಚಾಚಿದ. ಪ್ರೇಮಕಥೆ ಹೀಗೇ ತಾನೆ ಶುರುವಾಗಬೇಕು! ಆದರೆ ಅವನು ಹಿಡಿದದ್ದು ಅವಳನ್ನಲ್ಲ... ಅವಳ ಕೈಯಿಂದ ಜಾರುತ್ತಿದ್ದ ಫೈಲನ್ನು.

"ಸದ್ಯ, ಪೇಪರ್ ಚೆಲ್ಲಾಪಿಲ್ಲಿ ಆಗ್ಲಿಲ್ಲ," ಎಂದ.

"ನಾನು ಬಿದ್ರೆ ಪರವಾಗಿಲ್ವಾ?" ಪ್ರಶ್ನೆ ನೆಲದಿಂದ ಬಂತು.

"ನೀವು ಎದ್ದು ಕೂತ್ಕೋಬಹುದು ಮೇಡಂ. ಪೇಪರ್‌ಗೆ ಆಗಲ್ವಲ್ಲ."

ಅವಳು ಬಟ್ಟೆ ಹೊಲಿಯುವವಳು. ಬೀದಿಯವರೆಲ್ಲ ಅವಳನ್ನು 'ಸೂಜಿ' ಎನ್ನುತ್ತಿದ್ದರು. ಅರ್ಧ ಕಸುಬಿಗೆ, ಅರ್ಧ ನಾಲಿಗೆಗೆ. ಅವಳ ಅಂಗಡಿಯ ಕಟ್ಟಡ ಒಬ್ಬ ಅಜ್ಜಿಯದು. ಅಜ್ಜಿ ಅದನ್ನು ಮಾರಲು ಹೊರಟಿದ್ದರು. "ನಿಂಗೇ ಕೊಡ್ತೀನಿ ಕಣೆ. ವರ್ಷದ ಕೊನೆವರೆಗೂ ಕಾಯ್ತೀನಿ. ಆಮೇಲೆ ಮೊಬೈಲ್ ಅಂಗಡಿಯವನು ಕೇಳ್ತಾ ಇದಾನೆ, ಅವನಿಗೆ," ಎಂದಿದ್ದರು. ಸಾಲ ಸಿಕ್ಕರೆ ಅಂಗಡಿ ಅವಳದು. ಇಲ್ಲದಿದ್ದರೆ ಹೊಲಿಗೆ ಮೆಷಿನ್ ಸಮೇತ ಬೀದಿ ಪಾಲು.

ಅಧಿಕಾರಿ ಅವಳ ಕ್ರೆಡಿಟ್ ರಿಪೋರ್ಟ್ ತಿರುವಿದ.

"ಹಳೇ ಕಾರ್ಡ್ ಬಾಕಿ ಒಂದಿದೆ. 'ಸೆಟಲ್ಡ್' ಅಂತ ಬಿದ್ದಿದೆ."

"ಹೂಂ, ಚೌಕಾಸಿ ಮಾಡಿ ಅರ್ಧಕ್ಕೇ ಮುಗಿಸ್ದೆ! ನಮ್ಮತ್ತಿಗೆ ಇವತ್ತಿಗೂ ನನ್ನ ಜಾಣತನ ಹೊಗಳ್ತಾರೆ."

"ಎಡವಟ್ಟಾಗಿದ್ದೇ ಅಲ್ಲಿ. ಅರ್ಧ ಬಂತು, ಅರ್ಧ ಮುಳುಗ್ತು ಅಂತ ಅದರರ್ಥ. ಉಳಿದದ್ದನ್ನೂ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಂಡು, 'ಕ್ಲೋಸ್ಡ್' ಅಂತ ತಿದ್ದಿಸಿ. ಸ್ಕೋರ್ ನಿಧಾನಕ್ಕೆ ಮೇಲೇಳತ್ತೆ. ಅಲ್ಲಿವರೆಗೂ ಬೇರೆ ಎಲ್ಲೂ ಅರ್ಜಿ ಹಾಕ್ಬೇಡಿ."

"ಯಾಕೆ? ನಿಮ್ಮ ಹತ್ರಾನೇ ಬಂದು ಬೀಳ್ತಿರ್ಬೇಕಾ?"

ಸಿಟ್ಟಿನಲ್ಲಿ ಎದ್ದು ಹೊರಟಳು. ಒಂದೇ ಬಟ್ಟೆಗೆ ನಾಲ್ಕಾರು ಅಂಗಡಿಯಲ್ಲಿ ರೇಟು ಕೇಳುವುದು ಅವಳ ಅಭ್ಯಾಸ. ಹಾಗೇ ಊರಿನ ಬ್ಯಾಂಕುಗಳನ್ನೆಲ್ಲ ಹತ್ತಿಳಿದಳು, ಎಲ್ಲ ಕಡೆ ಅರ್ಜಿ ಹಾಕಿದಳು. ಪ್ರತಿಯೊಬ್ಬರೂ ಅವಳ ರಿಪೋರ್ಟಿನೊಳಗೆ ಇಣುಕಿದರು. ಇಣುಕಿದ್ದೆಲ್ಲ ದಾಖಲಾಯಿತು. ಮೊದಲೇ ಮುಗ್ಗರಿಸಿದ್ದ ಸ್ಕೋರು ಈಗ ಅಂಗಾತ ಮಲಗಿತು!

ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದಾಗ, 'ಈಗ ಹಂಗಿಸ್ತಾನೆ ನೋಡು' ಎಂದುಕೊಂಡಳು. ಅವನು ಹಂಗಿಸಲಿಲ್ಲ. ಗಟ್ಟಿ ಕುರ್ಚಿಯೊಂದನ್ನು ಎಳೆದು ಹಾಕಿ, ತಿಂಗಳು ತಿಂಗಳು ಏನು ಕಟ್ಟಬೇಕು, ಯಾರಿಗೆ ಬರೆಯಬೇಕು, ಎಲ್ಲವನ್ನೂ ಸಾವಕಾಶವಾಗಿ ಹೇಳಿಕೊಟ್ಟ.

'ಪರವಾಗಿಲ್ಲ... ಮನುಷ್ಯನೇ ಇರಬೇಕು,' ಅನ್ನಿಸಿತು ಅವಳಿಗೆ.

ಆ ವಾರವೇ ಅವನು ಅವಳ ಅಂಗಡಿಗೆ ಬಂದ. ಅಂಗಿಯ ಗುಂಡಿ ಹೋಗಿತ್ತು. ಮುಂದಿನ ವಾರ ತೋಳಿನ ಗುಂಡಿ. ಅದರ ಮುಂದಿನ ವಾರ ಕಾಲರಿನದು. ಬರುತ್ತಿದ್ದ, ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ, "ಕಾರ್ಡಿಂದು ಕಟ್ಟಿದ್ರಾ?" ಎಂದು ಕೇಳುತ್ತಿದ್ದ, ಹೋಗುತ್ತಿದ್ದ. ಬೇರೆ ಮಾತಿಲ್ಲ.

ಒಂದು ದಿನ ಅವನು ಅಂಗಿ ಬಿಟ್ಟು ಹೋದ ಮೇಲೆ ಅವಳು ಗೊಣಗಿದಳು. "ಅತ್ತಿಗೆ, ಇವರು ನನ್ನ ಅಂಗಡಿ ನಡೆಯುತ್ತೋ ಇಲ್ವೋ ಅಂತ ಪತ್ತೇದಾರಿಕೆ ಮಾಡ್ತಿದಾರೆ!"

ಅಂಚು ಹೊಲಿಯುತ್ತಿದ್ದ ಅತ್ತಿಗೆ ನಕ್ಕರು. "ಆ ಅಂಗಿ ಇಲ್ಲಿ ಕೊಡು. ದಾರ ನೋಡೇ, ಮಂಕೆ. ಸವೆದು ಕಿತ್ತುಹೋದ್ರೆ ತುದಿ ಹಿಂಜಿರತ್ತೆ. ಇದು ನೀಟಾಗಿದೆ. ಕತ್ತರಿಸಿರೋದು!"

ಅವಳು ನೋಡಿದಳು. ನಿಜ! ಇಷ್ಟು ದಿನ ಅವನ ಗುಂಡಿ ಹಾಕುತ್ತ ಅವಳು ಅವನನ್ನೇ ನೋಡುತ್ತಿದ್ದಳೇ ಹೊರತು ದಾರವನ್ನು ನೋಡಿರಲಿಲ್ಲ. ಎದೆ ಹೊಲಿಗೆ ಮೆಷಿನ್ನಿನಂತೆ ಓಡತೊಡಗಿತು. 'ಹಾಗಾದ್ರೆ ಬಾಯಿ ಬಿಟ್ಟು ಹೇಳೋಕೇನು ರೋಗ? ಅಥವಾ ಸ್ಕೋರ್ ಕಮ್ಮಿ ಇರೋಳು ಅಂತ ಹಿಂಜರಿಕೆನಾ...?'

ಆ ಯೋಚನೆ ಮುಳ್ಳಿನಂತೆ ಚುಚ್ಚಿತು. ಮರುವಾರ ಅವನು ಬಂದಾಗ ಮುಖ ಕೊಟ್ಟು ಮಾತಾಡಲಿಲ್ಲ. ಅವನು ಅಂಗಿ ತೆಗೆದುಕೊಂಡು ಎದ್ದುಹೋದ. ಮತ್ತೆ ಬರಲಿಲ್ಲ.

ಅವಳು ಕಂತು ಕಟ್ಟಿದಳು. 'ಸೆಟಲ್ಡ್' ಹೋಗಿ 'ಕ್ಲೋಸ್ಡ್' ಆಯಿತು. ಸ್ಕೋರು ಮಗ್ಗುಲು ಬದಲಿಸಿ, ಎದ್ದು ಕೂತು, ಕೊನೆಗೆ ನಿಂತೂಬಿಟ್ಟಿತು. ವರ್ಷದ ಕೊನೆಯ ತಿಂಗಳು ಶುರುವಾಗುವ ಹೊತ್ತಿಗೆ ಬ್ಯಾಂಕಿನಿಂದ ಕರೆ ಬಂತು.

ಮೇಜಿನ ಮೇಲೆ ಮಂಜೂರಾತಿ ಪತ್ರ. ಅವನ ಸಹಿಯೊಂದೇ ಬಾಕಿ. ಅವನು ಪೆನ್ನು ತೆಗೆದ.

ಅವಳಿಗೆ ತಡೆಯಲಾಗಲಿಲ್ಲ. ಸಹಿಯಾದರೆ ಈ ಟೇಬಲ್ಲಿಗೆ ಬರಲು ಇನ್ನು ನೆಪವೇ ಇಲ್ಲ!

"ಸರ್, ಗುಂಡಿ ನೀವೇ ಕತ್ತರಿಸ್ತಿದ್ರಿ. ನಂಗೊತ್ತು. ಇಷ್ಟ ಇಲ್ದಿದ್ರೆ ಬಿಡಿ. ನಂಗಂತೂ ನೀವಂದ್ರೆ ಇಷ್ಟ. ಹೇಳ್ಬಿಟ್ಟೆ!"

ಪೆನ್ನು ಗಾಳಿಯಲ್ಲೇ ನಿಂತಿತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ.

"ಒಂದೇ ಒಂದು ನಿಮಿಷ ತಡೆದು ಹೇಳಿದ್ರೆ ಆಗ್ತಿತ್ತಲ್ಲ ಮೇಡಂ..."

"ಯಾಕೆ?"

"ಅರ್ಜಿದಾರರ ಜೊತೆ ಅಂಥ ಸಂಬಂಧ ಇರೋ ಅಧಿಕಾರಿ ಅವರ ಫೈಲಿಗೆ ಸಹಿ ಹಾಕೋ ಹಾಗಿಲ್ಲ. ರೂಲ್ಸು. ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇವತ್ತು ಸಹಿ ಮಾಡಿ, ಸಂಜೆ ನಿಮ್ಮ ಅಂಗಡಿಗೆ ಬಂದು ಎಲ್ಲ ಹೇಳ್ಬೇಕು ಅಂತ ದೊಡ್ಡ ಪ್ಲಾನ್ ಮಾಡಿದ್ದೆ. ಕನ್ನಡಿ ಮುಂದೆ ಪ್ರಾಕ್ಟೀಸೂ ಮಾಡಿದ್ದೆ."

"ಅಯ್ಯೋ... ಮತ್ತೆ ಸಂಬಂಧ ಇಲ್ಲ ಅಂದ್ಬಿಡಿ!"

"ಅದು ಸುಳ್ಳಾಗತ್ತೆ."

ಅವಳ ಕಣ್ಣು ತುಂಬಿತು. ಅಂಗಡಿ ಹೋಗುವ ಭಯಕ್ಕೋ, ಆ ಎರಡು ಪದಕ್ಕೋ, ಅವಳಿಗೇ ಗೊತ್ತಾಗಲಿಲ್ಲ.

"ಅಜ್ಜಿಗೆ ಏನ್ ಹೇಳ್ಲಿ ನಾನು?"

"ಫೈಲು ಪಕ್ಕದ ಟೇಬಲ್ ಮೇಡಂ ಹತ್ರ ಹೋಗತ್ತೆ. ಅವರು ಚುಕ್ಕೆ ಬಿಡದೆ ಓದ್ತಾರೆ, ಎರಡು ವಾರ ಹಿಡಿಯತ್ತೆ. ಅಜ್ಜಿ ಕೊಟ್ಟ ಗಡುವು ಅದರಾಚೆ ಇದೆ. ಟೇಬಲ್ ಬದಲಾದ್ರೂ ನಿಮ್ಮ ಸ್ಕೋರ್ ಬದಲಾಗಲ್ಲ. ಅದು ನೀವು ದುಡಿದದ್ದು."

ಅವನು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದ. ಅವಳು ತಲೆಕೆಳಗಾಗಿಯೇ ಓದಿದಳು: 'ಅರ್ಜಿದಾರರಲ್ಲಿ ನನಗೆ ವೈಯಕ್ತಿಕ ಆಸಕ್ತಿ ಇರುವುದರಿಂದ...'

"ಎಷ್ಟು ಆಸಕ್ತಿ?" ಮೆಲ್ಲಗೆ ಕೇಳಿದಳು.

"ಅದನ್ನ ಬರೆಯೋಕೆ ಇಲ್ಲಿ ಜಾಗ ಸಾಲಲ್ಲ."

"ಹಾಗಾದ್ರೆ ಬಾಯಲ್ಲಿ ಹೇಳಿ."

ಅವನ ಕಿವಿ ಕೆಂಪಾಯಿತು. ಅತ್ತಿತ್ತ ನೋಡಿ, ಅವಳತ್ತ ಬಾಗಿ, ಪಿಸುಗುಟ್ಟಿದ. "ತುಂಬಾ..."

ಪಕ್ಕದ ಟೇಬಲ್ಲಿನ ಮೇಡಂ ತಲೆ ಎತ್ತದೆ ಹೇಳಿದರು:

"ಸ್ವಲ್ಪ ಜೋರಾಗಿ ಹೇಳಪ್ಪ. ಫೈಲಿಗೆ ಬರ್ಕೋಬೇಕು."