ಮೊದಲು ಟ್ರಿಪ್ ಆಗಿದ್ದು ಯಾರದು?

ಕದಿರೇಶನ ಮುಖ ನೋಡುವ ಮೊದಲೇ ಸಹನಳಿಗೆ ಅವನ ಮೇಲೆ ತಾತ್ಸಾರ ಹುಟ್ಟಿತ್ತು. ಆರು ತಿಂಗಳಿಂದ ಫೋನಿನಲ್ಲೇ ಬೈದಿದ್ದಳು. ಇವತ್ತು ಎದುರಿಗೇ ಬೈಯುವ ಯೋಗ.

ಬೈರಕೂರಿನ ಪಕ್ಕ ಕಂಪನಿಯ ಸೋಲಾರ್ ಪ್ಲಾಂಟ್. ಅದರ ಕರೆಂಟ್ ಹೋಗುವುದು ಮಾಲೂರಿನ ಕಾರ್ಖಾನೆಗೆ. ಈ ತುದಿಗೆ ಎಂಜಿನಿಯರ್ ಸಹನ, ಆ ತುದಿಗೆ ಕದಿರೇಶ್. ಹೋದ ವಾರ ಲೈನ್ ಟ್ರಿಪ್ ಆಗಿ ಕಾರ್ಖಾನೆಯ ಕುಲುಮೆ ತಣ್ಣಗಾಯಿತು. ಯಾವ ತುದಿಯ ಬ್ರೇಕರ್ ಮೊದಲು ಬಿದ್ದು ಕರೆಂಟ್ ಕಡಿಯಿತೋ ಆ ತುದಿಯವರ ಕೆಲಸ ಹೋಯಿತು ಎಂದು ಮ್ಯಾನೇಜರ್ ಮುರಳಿಮೋಹನ್ ಘೋಷಿಸಿದ್ದ. ಬ್ರೇಕರ್ ಎಂದರೆ ಏನೆಂದು ಗೊತ್ತಿಲ್ಲದ ಗಿರಾಕಿ, ಕೆಲಸದಿಂದ ತೆಗೆಯುವುದು ಮಾತ್ರ ಕರತಲಾಮಲಕ.

ಎರಡೂ ಬ್ರೇಕರ್ ಬಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ. ಯಾವುದು ಮೊದಲು ಎನ್ನಲು ಎರಡೂ ಕಡೆಯ ಗಡಿಯಾರ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಓಡಬೇಕು. ಮಿದ್ದೆ, ಅಂದರೆ ತಾರಸಿಯ ಮೇಲಿನ ಅಣಬೆಯಂಥ ಆಂಟೆನಾ ಉಪಗ್ರಹದಿಂದ ಸಮಯ ಹಿಡಿದು ಗಡಿಯಾರಕ್ಕೆ ಕೊಡುತ್ತದೆ. ಸಹನಳ ಗಡಿಯಾರ ಮಾಲೂರಿನ ತಪ್ಪು ಎನ್ನುತ್ತಿತ್ತು, ಕದಿರೇಶನದು ಬೈರಕೂರಿನ ತಪ್ಪು ಎನ್ನುತ್ತಿತ್ತು. ಅದನ್ನು ಬಗೆಹರಿಸಲು ಅವನು ಇವತ್ತು ಬೈರಕೂರಿಗೇ ಬಂದಿದ್ದ.

“ಏನ್ ಸ್ವಾಮಿ, ನಮ್ ಗಡಿಯಾರದ ಮೇಲೆ ಅನುಮಾನನಾ?” ಎಂದಳು ಸಹನ. “ನಿಮ್ಮೂರಲ್ಲಿ ಟ್ರೈನ್ ಬಂದಾಗ ಟೈಮ್ ಸರಿ ಮಾಡ್ಕೊಳ್ತೀರಂತೆ?”

“ಇಷ್ಟೇ ಇದೀರಾ? ಆ ಧ್ವನಿಗೆ ಆರಡಿ ಆಳು ಅಂದ್ಕೊಂಡಿದ್ದೆ.”

ಅವನ ಕಣ್ಣು ಗಡಿಯಾರದ ಪರದೆಯ ಮೇಲಿರಬೇಕಿತ್ತು, ಅವಳ ಗಂಟಿಕ್ಕಿದ ಹುಬ್ಬಿನ ಮೇಲಿತ್ತು. ಸಹನ ಬಂದ ನಗುವನ್ನು ಕಷಾಯದಂತೆ ನುಂಗಿಕೊಂಡಳು.

“ಮಿದ್ದೆ ಹತ್ತಿ ನೋಡ್ಲಾ?”

“ಹತ್ತಿ. ಬಿದ್ರೆ ಎಷ್ಟೊತ್ತಿಗೆ ಅಂತ ಬರ್ಕೊಳ್ತೀನಿ.”

ಇಳಿದು ಬಂದವನ ಮುಖ ಸಪ್ಪಗಿತ್ತು. “ನಮ್ ಗಡಿಯಾರನೇ ತಪ್ಪಿರಬೇಕು. ರಿಪೋರ್ಟ್ ಕೊಡಿ, ಸೈನ್ ಹಾಕ್ತೀನಿ.”

ಸಹನಳಿಗೆ ಗೆದ್ದ ಖುಷಿ ಬರಲಿಲ್ಲ. ನಾಳೆಯಿಂದ ಇವನ ಫೋನ್ ಬರುವುದಿಲ್ಲ ಎಂದು ಹೊಳೆದು ಎದೆ ಹಿಂಡಿತು. ಛೀ, ಇಂಥವನಿಗಾ ಎಂದು ತನ್ನ ಎದೆಯನ್ನೇ ಬೈದುಕೊಂಡಳು.

ಅಷ್ಟರಲ್ಲಿ ಕಸ ಗುಡಿಸುವ ಬಚ್ಚಮ್ಮ ಕೂಗುತ್ತಾ ಬಂದಳು. “ಅಯ್ಯೋ ದೇವುಡಾ! ಸಾರ್, ಆ ಅಣಬೆ ಮೇಲಿದ್ದ ನನ್ ಬೋಗುಣಿ ಯಾಕ್ ತೆಗೆದ್ರಿ? ಕೋತಿಗಳು ಕಿತ್ತಾಕ್ತಾವೆ ಅಂತ ಕಟ್ಟಿದ್ದೆ. ಮೇಡಮ್ಮೇ ಹೇಳಿದ್ದು!”

ಹೇಳಿದ್ದು ನಿಜ. ಹೋದ ತಿಂಗಳು ಕೋತಿಗಳ ಕಾಟ ಎಂದು ಬಂದವಳನ್ನು, “ಏನಾದ್ರೂ ಮುಚ್ಚಮ್ಮ, ತಲೆ ತಿನ್ಬೇಡ” ಎಂದು ಸಹನಳೇ ಗದರಿದ್ದಳು. ಅಲ್ಯೂಮಿನಿಯಂ ಬೋಗುಣಿಯ ಕೆಳಗೆ ಆಕಾಶ ಕಾಣದೆ ಗಡಿಯಾರ ತನಗೆ ತೋಚಿದ ಸಮಯ ಹೇಳುತ್ತಾ ಓಡಿತ್ತು. ಅದರ ಕೆಂಪು ದೀಪವನ್ನು ದಿನಾ ನೋಡಿದ್ದಳು, ಸುಮ್ಮನೆ ಉರಿಯುತ್ತದೆ ಎಂದು ಬಿಟ್ಟಿದ್ದಳು. ಊರೆಲ್ಲ ಪೆದ್ದರು ಎನ್ನುತ್ತಿದ್ದವಳಿಗೆ ಈಗ ತನಗಿಂತ ದೊಡ್ಡ ಪೆದ್ದಿ ಕಾಣಲಿಲ್ಲ.

“ಬೋಗುಣಿ ನೋಡಿಯೂ ಸುಳ್ಳು ಹೇಳಿದ್ಯಾ? ನನ್ನ ಉಳಿಸೋಕಾ?”

“ಬೈಸ್ಕೊಳ್ಳೋಕೆ ಅಂತಾನೇ ಫೋನ್ ಮಾಡ್ತಿದ್ದೆ ಕಣ್ರೀ,” ಎಂದ ಕದಿರೇಶ್ ನೆಲ ನೋಡುತ್ತಾ. “ನನ್ ಕೆಲಸ ಹೋದ್ರೂ ಪರವಾಗಿಲ್ಲ. ನಿಮ್ಮನ್ನ ಇಷ್ಟಪಡ್ತೀನಿ.”

“ಥೂ! ತ್ಯಾಗವಂತೆ ತ್ಯಾಗ. ಸುಳ್ಳು ಸೈನ್ ಹಾಕೋನ ಜೊತೆ ನಾನು ಸಂಸಾರ ಮಾಡಲ್ಲ.”

ಕದಿರೇಶ್ ಥಟ್ಟನೆ ತಲೆಯೆತ್ತಿದ. “ಸಂಸಾರ ಅಂದ್ರಾ?”

ಸಹನ ಮುರಳಿಮೋಹನನಿಗೆ ಫೋನ್ ಮಾಡಿದಳು. “ತಪ್ಪಿರೋದು ನಮ್ ಗಡಿಯಾರ ಸಾರ್. ಮೊದಲು ಬಿದ್ದಿದ್ದು ನಮ್ ಬ್ರೇಕರ್. ಮಾಲೂರಿನವರದ್ದು ಏನೂ ತಪ್ಪಿಲ್ಲ.” ಆ ಕಡೆಯಿಂದ ಒಂದಷ್ಟು ಕೂಗಾಟ. ಕೊನೆಗೆ ನಾಳೆಯಿಂದ ಬರಬೇಡ ಎಂದು ಲೈನ್ ಕಟ್ಟಾಯಿತು.

ಬಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕದಿರೇಶ್ ಸಹನಳ ಕೈ ಹಿಡಿದ, ಅವಳು ಬಿಡಿಸಿಕೊಳ್ಳಲಿಲ್ಲ.

“ನಾಳೆ ಹೆಂಗೂ ಕೆಲಸ ಇಲ್ಲ. ಮಾಲೂರಿಗೆ ಬರ್ತೀನಿ, ನಿಮ್ಮಮ್ಮನ ಹತ್ರ ಮಾತಾಡ್ಬೇಕು,” ಎಂದಳು. “ಅಲ್ಲೂ ಹಿಂಗೇ ಬಾಯಿ ಬಿಟ್ಕೊಂಡು ನಿಂತ್ಕೋಬೇಡ.”