ಸೊನ್ನೆಯಿಂದ ಎಣಿಸುವ ಡಬ್ಬಿ

ಎಂಟನೆಯ ಹಾಡಿನ ಎರಡನೆಯ ಸಾಲಿಗೆ ಸಂಜನಾ ಕಿರುಚಿದಳು.

ಮೊದಲು ಜನರಿಗೆ ಅದು ಹಾಡಿನದೇ ಏರುದನಿ ಅನ್ನಿಸಿತು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆಗೆ ಕೈ ಎತ್ತಿದ್ದರು. ಆಮೇಲೆ ಮೈಕು ಕೆಳಗೆ ಬಿತ್ತು. ಹುಡುಗಿ ಎಡಗಿವಿಯ ಇಯರ್‌ಫೋನನ್ನು ಕಿತ್ತೆಸೆದು ಮೊಣಕಾಲೂರಿ ಕುಸಿದಳು. ಸ್ಪೀಕರುಗಳಿಂದ ಲೋಕಲ್ ರೈಲಿನ ಹಾರ್ನಿನಂಥ ಕೂಗು ಹೊರಟಿತ್ತು. ಸೌಂಡ್ ಆಪರೇಟರ್ ಅಂಬಾದಾಸ ಮೇನ್ ಸ್ವಿಚ್ ಬಂದ್ ಮಾಡಿದ ಮೇಲೆಯೇ ಅದು ನಿಂತದ್ದು.

ಭಾನುವಾರ ಮಧ್ಯಾಹ್ನ ಮೂರು ನಲವತ್ತು. ಡೊಂಬಿವಲಿಯ ಕನ್ನಡ ಸಂಘದವರ ಗಾಯನ ಸ್ಪರ್ಧೆ, ಕೊನೆಯ ಸುತ್ತು. ನಾನೂರು ಜನ. ಬೆಂಗಳೂರಿನಿಂದ ಬಂದಿದ್ದ ಸಂಗೀತ ನಿರ್ದೇಶಕರು ಆ ದಿನ ಒಬ್ಬಳೇ ಒಬ್ಬ ಹುಡುಗಿಯನ್ನು ಸಿನಿಮಾ ಹಾಡಿಗೆ ಆರಿಸುವವರಿದ್ದರು.

ಕೀಬೋರ್ಡ್ ನುಡಿಸುತ್ತಿದ್ದ ಮಧ್ವೇಶ ಸಂಜನಾಳ ಅಪ್ಪ. ಮಗಳ ಬಳಿ ಓಡಿದರು. ತಲೆ ಹಿಡಿದುಕೊಂಡರು. ಆಮೇಲೆ ಎದ್ದು ವೇದಿಕೆಯ ಬದಿಗೆ ನಡೆದು, ನಾನೂರು ಜನರ ಎದುರಿಗೆ ಅಂಬಾದಾಸನ ಕೆನ್ನೆಗೆ ಬಾರಿಸಿದರು.

“ಎಂಥ ಮಾಡಿದ್ದು ನೀನು? ನನ್ನ ಮಗಳಿಗೆ ಎಂಥ ಮಾಡಿದ್ದು?”

ಅಂಬಾದಾಸ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅವನ ಕಣ್ಣು ಪಕ್ಕದ ಡಬ್ಬಿಯ ಮೇಲೆಯೇ ಇತ್ತು.

“ಇದು ಹಿಂಗ ಇರಲಿಲ್ರಿ ಸರ,” ಅಂದ. “ನಾ ಇಟ್ಟಾಗ ಹಿಂಗ ಇರಲಿಲ್ಲ.”

* * *

ಪಿಎಸ್‌ಐ ದಾನೇಶ್ವರಿಗೆ ಕನ್ನಡ ಬರುತ್ತದೆಂದು ಕೇಸು ಅವಳ ಪಾಲಿಗೆ ಬಂತು. ಅವಳಪ್ಪ ಕಲಬುರಗಿಯಿಂದ ಬಂದು ಕೋಪರಖೈರಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವನು. ಮಗಳು ಓದಿದ್ದು ಮರಾಠಿ ಶಾಲೆಯಲ್ಲಿ, ಜಗಳವಾಡುವುದು ಹಿಂದಿಯಲ್ಲಿ, ಯೋಚಿಸುವುದು ಮಾತ್ರ ಅಪ್ಪನ ಮಾತಿನಲ್ಲಿ.

ಸೌಂಡ್ ಸಿಸ್ಟಮ್ಮಿನ ಮಾಲೀಕ ತಾರಾನಾಥ ಅವಳನ್ನು ಕಬ್ಬಿಣದ ಪೆಟ್ಟಿಗೆಯ ಎದುರು ನಿಲ್ಲಿಸಿದರು. ಒಳಗೆ ಒಂದರ ಮೇಲೊಂದು ಮೂರು ಎಫೆಕ್ಟ್ ಡಬ್ಬಿಗಳು. ಮುಂದೆ ಗಾಜಿನಂಥ ಮುಚ್ಚಳ, ಅದಕ್ಕೆ ಬೀಗ.

“ಕೆಳಗಿನದು ಎಕೋ ಡಬ್ಬಿ ಮೇಡಂ. ಹಾಡಿದ ದನಿಯನ್ನು ತಿರುಗಿ ಕೊಡುವುದು. ನೂರರಲ್ಲಿ ಇಪ್ಪತ್ತು ಪಾಲು ತಿರುಗಿ ಬಂದರೆ ಕೇಳಲಿಕ್ಕೆ ಚಂದ. ಈಗ ನೋಡಿ, ನೂರಾ ಹತ್ತು ಉಂಟು. ನೂರು ದಾಟಿತೋ, ದನಿ ತಿರುಗಿ ತಿರುಗಿ ಬೆಳೆಯುತ್ತದೆ. ಹಾಡುವವರ ಕಿವಿಗೂ ಅದೇ ಹೋಗುವುದು.”

“ಕೀಲಿ ಯಾರ ಹತ್ರ?”

“ಅಂಬಾದಾಸನೊಬ್ಬನ ಹತ್ರ. ಹತ್ತು ವರ್ಷದ ಹಿಂದೆ ಸ್ಪೀಕರ್ ಹೊರಲಿಕ್ಕೆ ಇಟ್ಟುಕೊಂಡ ಜನ. ಪಾಪ ಅಂತ ಕೆಲಸ ಕಲಿಸಿ ಮೇಲೆ ಕೂರಿಸಿದೆ. ಕೂರಿಸಿದ್ದೇ ತಪ್ಪು ಮಾರಾಯ್ರೆ.”

“ಯಾಕ ಮಾಡಿರಬೇಕು?”

“ಬೆಳಿಗ್ಗೆ ಮಧ್ವೇಶರು ಅವನಿಗೆ ಬೈದಿದ್ದರು. ಹೊರುವವನು ಹೊರುವುದಷ್ಟೇ ಮಾಡು, ನನಗೆ ಸಂಗೀತ ಹೇಳಿಕೊಡಬೇಡ ಅಂತ. ಅವರು ಒಳ್ಳೆಯವರು, ಒಂದು ಮಾತು ಜಾಸ್ತಿ ಅಷ್ಟೆ. ಇವತ್ತು ಊಟಕ್ಕೂ ಏಳಲಿಲ್ಲ. ಎಲ್ಲರೂ ಬಿಸಿಬಿಸಿ ಹೋಳಿಗೆ ತಿನ್ನುವಾಗ ಅವರೊಬ್ಬರೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೀಬೋರ್ಡಿನ ಎದುರು ಕೂತಿದ್ದರು.”

ಅಂಬಾದಾಸನನ್ನು ಜೀಪು ಹತ್ತಿಸಿದರು. ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು. ಸಂಜನಾಳ ಎಡಗಿವಿಗೆ ಇನ್ನು ಕೇಳಿಸುವ ಆಸೆ ಇಲ್ಲ.

* * *

“ಮೇಡಂ, ನನ್ನ ಹೆಂಡ್ತಿ ಠಾಣಾದ ಬಾಗಿಲದಾಗ ಕುಂತಾಳ,” ಅಂದ ಅಂಬಾದಾಸ. “ನಾನು ಒಳಗ ಹೋದ್ರ ಅಕಿ ಗತಿ ಏನ್ರಿ?”

“ಅದನ್ನ ಆಮ್ಯಾಲ ಅಳು. ನೀ ಮಾಡಿಲ್ಲಂದ್ರ ಯಾರು ಮಾಡ್ಯಾರ?”

“ಗೊತ್ತಿಲ್ರಿ ಯಕ್ಕಾ... ಮೇಡಂ.”

“ಯಕ್ಕಾನೇ ಅನ್ನು. ಕೀಲಿ?”

“ನನ್ನ ಉಡದಾರದಾಗೇ ಇತ್ತು. ಸುಳ್ಳ್ಯಾಕ ಹೇಳ್ಲಿ?”

“ಡಬ್ಬಿ ಹಳೇದು. ತಾನೇ ಕೆಟ್ಟಿರಬಹುದಲ್ಲ?”

ಅವನು ತಲೆ ಅಲ್ಲಾಡಿಸಿದ. ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ಮುಚ್ಚಿದ ಹಾಗೆ.

“ಒಳಗಿನ ಬ್ಯಾಟರಿ ಸತ್ರ ಎಲ್ಲಾ ಅಳಿಸಿ ಹೋಗ್ತದ್ರಿ. ಒಂದೇ ಒಂದು ನಂಬರ್ ಬದಲಾಗಂಗಿಲ್ಲ. ಆ ಅಂಜಿಕಿಗೇ ನಾ ಶೋ ದಿನ ಬ್ಯಾಕಪ್ ತಗೋತೀನಿ. ಮಿಡಿ ವಾಯರ್ ಅಂತ ಇರ್ತದ. ಅದರಾಗ ಹಾಡು ಹರಿಯಂಗಿಲ್ರಿ, ಬರೇ ಹುಕುಂ ಹರೀತದ. ಮಧ್ವೇಶ ಸರ್ ಕೀಬೋರ್ಡಿನ್ಯಾಗ ಮೂರು ಒತ್ತಿದ್ರ, ವಾಯರ್ ಹಿಡ್ದು ಹುಕುಂ ಬಂದು ಮೂರೂ ಡಬ್ಬಿ ಮೂರನೇ ಹಾಡಿನ ಸೆಟಿಂಗಿಗೆ ಹೋಗ್ತಾವ. ಯಾರೂ ಕೈ ಹಚ್ಚೂದು ಬ್ಯಾಡ. ಅದೇ ಮಿಡಿಯಿಂದ ಸೆಟಿಂಗ್ ಎಲ್ಲಾ ಲ್ಯಾಪ್‌ಟಾಪಿಗೆ ಇಳಿಸ್ಕೋತೀನಿ.”

“ಭಾನುವಾರ ಎಷ್ಟೊತ್ತಿಗೆ ಇಳಿಸಿದಿ?”

“ಹನ್ನೊಂದು ಇಪ್ಪತ್ತಕ್ಕ.”

ಸೈಬರ್ ಸೆಲ್‌ನವರು ಅವನ ಫೈಲನ್ನೂ ಡಬ್ಬಿಯಲ್ಲಿ ಈಗ ಇರುವುದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನೂರು ಸೆಟಿಂಗುಗಳಲ್ಲಿ ತೊಂಬತ್ತೊಂಬತ್ತು ಒಂದೇ. ಬೇರೆ ಇದ್ದದ್ದು ಒಂದು. ಡಬ್ಬಿಯಲ್ಲಿ ಅದರ ನಂಬರು ಏಳು.

ಹನ್ನೊಂದು ಇಪ್ಪತ್ತರ ನಂತರ ಯಾರೋ ಕೈಯಾಡಿಸಿದ್ದಾರೆ. ಅದು ಅಂಬಾದಾಸನೇ ಯಾಕಾಗಬಾರದು? ಒಳ್ಳೆಯದೊಂದು ಫೈಲು ಮಾಡಿಟ್ಟು ಆಮೇಲೆ ಕೆಡಿಸಬಹುದು. ದಾನೇಶ್ವರಿ ಅವನನ್ನು ಮತ್ತೆ ಲಾಕಪ್ಪಿಗೆ ಕಳಿಸಿದಳು.

* * *

ಶ್ರೀಲಕ್ಷ್ಮಿ ಸ್ಪರ್ಧೆಯಲ್ಲಿ ಸಂಜನಾಳಿಗಿಂತ ಮುಂದಿದ್ದ ಹುಡುಗಿ. ಅಪ್ಪ ಕೋಪರಖೈರಣೆಯ ಉಡುಪಿ ಹೋಟೆಲಿನಲ್ಲಿ ಅಡಿಗೆಯವರು. ಊಟದ ಹೊತ್ತಿನಲ್ಲಿ ಅವಳು ಆ ಪೆಟ್ಟಿಗೆಯ ಮುಂದೆ ಬಾಗಿ ನಿಂತಿದ್ದನ್ನು ಇಬ್ಬರು ನೋಡಿದ್ದರು.

“ಅಲ್ಲೇನು ಕೆಲಸ ನಿನಗ?”

“ಅಯ್ಯೋ ಮ್ಯಾಡಮ್, ಬಿಂದಿ ಸರಿ ಮಾಡ್ತಿದ್ದೆ. ಗ್ರೀನ್‌ರೂಮಿನ ಕನ್ನಡಿ ಎದುರು ಸಂಘದ ಆಂಟಿಯರೇ ಲೈನ್ ಹಚ್ಚಿದ್ರು. ಆ ಮುಚ್ಚಳದಲ್ಲಿ ಮುಖ ಕಾಣ್ತದೆ.”

“ಸಂಜನಾ ಹಾಡದಿದ್ರ ನಿನಗ ಲಾಭ.”

“ಫಸ್ಟ್ ರೌಂಡಿನಲ್ಲೇ ನಾನು ಮುಂದಿದ್ದೆ. ನನಗ್ಯಾಕೆ? ಮಧ್ವೇಶ ಸರ್ ನನ್ನ ಗುರುಗಳು. ಫೀಸ್ ತಗೊಳ್ಳದೆ ಆರು ವರ್ಷ ಕಲಿಸಿದ್ದಾರೆ. ಸಂಜೂ ನಾನು ಒಂದೇ ಚಾಪೆಯಲ್ಲಿ ಕೂತು ಕಲಿತವರು. ಅವತ್ತು ಕೂಡ ಏಳನೇ ಹಾಡಿಗೆ ನಾನು ಸ್ಟೇಜಿಗೆ ಹೋಗುವಾಗ ಸರ್ ಕರೆದು ಹೇಳಿದರು, ಇಯರ್‌ಫೋನ್ ಎರಡೂ ಕಿವಿಗೆ ಹಾಕು, ಗಟ್ಟಿಯಾಗಿ ಒತ್ತಿ ಹಾಕು ಅಂತ. ಅಷ್ಟು ಕಾಳಜಿ.”

“ಸಂಜನಾಗೂ ಹೇಳಿದರಾ?”

“ಇಲ್ಲ. ಅವಳು ಯಾವಾಗಲೂ ಎಡಗಿವಿಗೆ ಮಾತ್ರ ಹಾಕೋದು. ಬಲಗಿವಿಯಲ್ಲಿ ಹಾಲ್ ಕೇಳಬೇಕು ಅಂತಾಳೆ.”

ದಾನೇಶ್ವರಿ ಬರೆದುಕೊಂಡಳು. ಪೆನ್ನು ಒಂದು ಕ್ಷಣ ಕಾಗದದ ಮೇಲೇ ನಿಂತಿತು.

* * *

ಸಂಘದವರು ಇಡೀ ಕಾರ್ಯಕ್ರಮದ ವಿಡಿಯೊ ತೆಗೆಸಿದ್ದರು. ದಾನೇಶ್ವರಿ ಅದನ್ನು ಬುಧವಾರ ಬೆಳಿಗ್ಗೆ ಕೂತು ನೋಡಿದಳು. ಎಂಟನೆಯ ಹಾಡನ್ನು ಎಲ್ಲರೂ ನೋಡಿದ್ದರು. ಅವಳು ಒಂದನೆಯದರಿಂದ ಶುರು ಮಾಡಿದಳು. ಹಾಡುವವರನ್ನು ಬಿಟ್ಟು ಕೀಬೋರ್ಡಿನ ಮೂಲೆಯನ್ನಷ್ಟೇ ನೋಡಿದಳು.

ಆರು ಹಾಡು ಮಧ್ವೇಶರು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ನುಡಿಸಿದರು.

ಏಳನೆಯದು ಶ್ರೀಲಕ್ಷ್ಮಿಯದು. ಶುರುವಾಗುವ ಮುಂಚೆ ಮಧ್ವೇಶರು ಎರಡನ್ನೂ ತೆಗೆದು ಹೆಗಲ ಮೇಲೆ ಇಳಿಬಿಟ್ಟರು. ನಂಬರ್ ಒತ್ತಿದರು. ಹುಡುಗಿಯ ಮುಖ ನೋಡುತ್ತ ಕೂತರು. ಏನೂ ಆಗಲಿಲ್ಲ. ಹಾಡು ಸೊಗಸಾಗಿ ಮುಗಿಯಿತು. ಚಪ್ಪಾಳೆ. ಮಧ್ವೇಶರು ಪೆಟ್ಟಿಗೆಯ ಕಡೆಗೊಮ್ಮೆ, ಲ್ಯಾಪ್‌ಟಾಪಿನ ಕಡೆಗೊಮ್ಮೆ ನೋಡಿದರು. ಹಣೆ ಒರೆಸಿಕೊಂಡರು. ಇಯರ್‌ಫೋನ್ ಮತ್ತೆ ಕಿವಿಗೆ ಹೋಯಿತು.

ಎಂಟು ಒತ್ತಿದರು. ಸಂಜನಾ ಬಾಯಿ ತೆರೆದಳು. ಕೂಗು ಏಳುವ ಮೊದಲ ಕ್ಷಣದಲ್ಲೇ ಮಧ್ವೇಶರು ತಮ್ಮ ಇಯರ್‌ಫೋನ್ ಕಿತ್ತಿದ್ದರು.

ದಾನೇಶ್ವರಿ ವಿಡಿಯೊ ನಿಲ್ಲಿಸಿ ಲಾಕಪ್ಪಿಗೆ ಹೋದಳು.

“ಅಂಬಾದಾಸ, ಡಬ್ಬಿಯಾಗ ಕೆಟ್ಟಿದ್ದು ಏಳು. ಕೂಗಿದ್ದು ಎಂಟನೇ ಹಾಡಿಗೆ. ಅದೆಂಗ?”

ಅವನಿಗೆ ಅದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ. “ಕೀಬೋರ್ಡು ಒಂದರಿಂದ ಎಣಸ್ತದ್ರಿ. ಆ ಎಕೋ ಡಬ್ಬಿ ಸೊನ್ನಿಯಿಂದ ಎಣಸ್ತದ. ಕೀಬೋರ್ಡಿನ ಒಂದಂದ್ರ ಡಬ್ಬಿಗೆ ಸೊನ್ನಿ. ಎಂಟಂದ್ರ ಏಳು. ಅದಕ್ಕ ಎಲ್ಲಾ ಸೆಟಿಂಗೂ ಒಂದು ನಂಬರ್ ಹಿಂದ ಇಡಬೇಕು. ಮ್ಯಾಲಿನ ಎರಡು ಡಬ್ಬಿ ಹೊಸಾವು, ಅವಕ್ಕ ಈ ರೋಗ ಇಲ್ಲ.”

“ಇದು ಯಾರಿಗೆಲ್ಲಾ ಗೊತ್ತು?”

“ನನಗಷ್ಟ. ಮೊದಲನೇ ವರ್ಷ ನಾನೂ ತಪ್ಪಿ ಬೈಸ್ಕೊಂಡೀನಿ. ಉಳದವರು ಬರೇ ಹಾಡಿನ ನಂಬರ್ ಒತ್ತತಾರ. ಡಬ್ಬಿ ಒಳಗ ಎಷ್ಟು ಅದ ಅಂತ ಯಾರು ಕೇಳ್ತಾರ್ರಿ?”

“ಬೀಗ ತಗೀದೆ ಒಳಗ ಸೆಟಿಂಗ್ ಹಾಕಬಹುದಾ?”

ಅಂಬಾದಾಸ ತಲೆ ಎತ್ತಿದ. ಮೂರು ದಿನದಲ್ಲಿ ಮೊದಲ ಬಾರಿಗೆ ಅವನ ಮುಖಕ್ಕೆ ಬೇರೆ ಬಣ್ಣ ಬಂತು.

“ಹಾಕಬಹುದ್ರಿ. ಕೀಬೋರ್ಡಿನ ವಾಯರಿಗೆ ಲ್ಯಾಪ್‌ಟಾಪ್ ಹಚ್ಚಿದ್ರ ಆತು, ಬ್ಯಾಕಪ್ ಫೈಲ್ ಒಳಗ ಹೋಗ್ತದ. ಆದ್ರ ನನ್ನ ಫೈಲ್...” ಅವನು ಅಲ್ಲಿಗೇ ನಿಲ್ಲಿಸಿದ.

“ಯಾರಿಗೆ ಕೊಟ್ಟಿದ್ದಿ?”

“ಮಧ್ವೇಶ ಸರ್‌ಗ್ರಿ. ಅವರೇ ಕೇಳಿದ್ರು. ಒಂದು ಕಾಪಿ ನನ್ನ ಹತ್ರಾನೂ ಇರ್ಲಿ, ನಿನ್ನ ಲ್ಯಾಪ್‌ಟಾಪ್ ಹಾಳಾದ್ರ ಅಂತ. ಪ್ರತೀ ಶೋಕ್ಕೂ ಪೆನ್ ಡ್ರೈವಿಗೆ ಹಾಕಿ ಕೊಡ್ತೀನಿ.” ಲಾಕಪ್ಪಿನ ಸರಳು ಹಿಡಿದು ಅಂದ, “ಯಕ್ಕಾ, ಹೆತ್ತ ಮಗಳ್ರಿ. ಯಾರರ ಮಾಡ್ತಾರೇನು?”

“ಮಗಳಿಗಲ್ಲೋ ಮಾರಾಯ,” ಅಂದಳು ದಾನೇಶ್ವರಿ. “ಮಗಳಿಗಲ್ಲ.”

* * *

ಗುರುವಾರ ಹನ್ನೊಂದು ಗಂಟೆಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿರುವ ಮಧ್ವೇಶರ ಮನೆಗೆ ಹೋದರು. ದಾನೇಶ್ವರಿ, ಇಬ್ಬರು ಪೊಲೀಸರು, ಅಂಬಾದಾಸ. ತಾರಾನಾಥರನ್ನು ಸಾಕ್ಷಿಗೆ ಕರೆಸಿದ್ದಳು. ಕಾರ್ಖಾನೆಗಳ ವಾಸನೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು.

ಸಂಜನಾ ಸೋಫಾದ ಮೇಲಿದ್ದಳು. ಎಡಗಿವಿಗೆ ಹತ್ತಿ. ಅವಳ ಎಡಕ್ಕೆ ಅಪ್ಪ.

“ಇವನನ್ನು ಯಾಕೆ ಮನೆಗೆ ತಂದದ್ದು?” ಮಧ್ವೇಶ ಎದ್ದರು. “ಹುಡುಗಿಗೆ ರೆಸ್ಟ್ ಬೇಕು ಅಂತ ಡಾಕ್ಟರ್ ಹೇಳಿದ್ದು ಗೊತ್ತಿಲ್ಲವಾ?”

“ಕೂಡ್ರಿ ಸರ್. ಬೇಗ ಮುಗಿಸ್ತೀನಿ. ಭಾನುವಾರ ಊಟದ ಹೊತ್ತಿನಾಗ ಲ್ಯಾಪ್‌ಟಾಪಿನಲ್ಲಿ ಏನು ಮಾಡ್ತಿದ್ರಿ?”

“ಟೋನ್ ಸೆಟ್ ಮಾಡ್ತಿದ್ದೆ.”

“ಆ ಲ್ಯಾಪ್‌ಟಾಪನ್ನ ಇವತ್ತು ಬೆಳಿಗ್ಗೆ ನೀವು ನೌಕರಿ ಮಾಡೋ ಮಹಾಪೆಯ ಆಫೀಸಿನಿಂದ ತಂದೇವಿ. ಫೈಲ್ ಅಳಿಸಿದ್ರಿ. ಅಳಿಸಿದ್ದು ಸಿಕ್ಕದ. ಒಂದು ಮೂವತ್ತೈದಕ್ಕ ಬದಲು ಮಾಡಿದ್ದು. ಒಂದೇ ಸಾಲು. ಇಪ್ಪತ್ತು ಇದ್ದದ್ದು ನೂರಾ ಹತ್ತು.”

ಮಧ್ವೇಶ ಕೂತರು.

ದಾನೇಶ್ವರಿ ನಿಂತೇ ಮಾತಾಡಿದಳು, ದನಿ ಏರಿಸದೆ.

“ಬೀಗದ ಕೀಲಿ ಅಂಬಾದಾಸನ ಹತ್ರ ಇತ್ತು, ಅದಕ್ಕೇ ಎಲ್ಲಾರೂ ಅವನ ಕಡೆ ಬೆರಳು ತೋರಿಸಿದ್ರು. ಈ ಕೆಲಸಕ್ಕ ಕೀಲಿ ಬೇಕಿರಲಿಲ್ಲ. ಬೇಕಾದದ್ದು ಅವನ ಬ್ಯಾಕಪ್ ಫೈಲು, ಮತ್ತ ಕೀಬೋರ್ಡಿನ ವಾಯರು. ಎರಡೂ ನಿಮ್ಮ ಕೈಯಾಗ ಇದ್ದವು. ಬೆಂಗಳೂರಿನವರ ಮುಂದೆ ಶ್ರೀಲಕ್ಷ್ಮಿ ಏಳನೇ ಹಾಡು ಹಾಡೋಳು. ಅವಳು ತಪ್ಪಿದ್ರ ಸಿನಿಮಾ ಹಾಡು ನಿಮ್ಮ ಮಗಳಿಗೆ. ನೀವು ಫೈಲಿನಲ್ಲಿ ಏಳು ಹುಡುಕಿ ಕೆಡಿಸಿದ್ರಿ. ಆ ಡಬ್ಬಿ ಸೊನ್ನೆಯಿಂದ ಎಣಿಸ್ತದ ಅಂತ ನಿಮಗ ಗೊತ್ತಿರಲಿಲ್ಲ. ಅವನನ್ನ ಕೇಳಿದ್ರ ಹೇಳ್ತಿದ್ದ. ಹೊರೋ ಆಳನ್ನ ಯಾಕ ಕೇಳಬೇಕು?”



“ಮೇಡಂ,” ಮಧ್ವೇಶರ ದನಿ ಒಡೆಯಿತು, “ಹಾಲಿನಲ್ಲಿ ಸ್ವಲ್ಪ ಗಲಾಟೆ ಆಗಲಿ, ಅವಳು ಹೆದರಿ ತಾಳ ತಪ್ಪಲಿ, ಅಷ್ಟೇ... ಕಿವಿಗೆ ಹೀಗಾಗುತ್ತದೆ ಅಂತ...”

“ಗೊತ್ತಿತ್ತು ಸರ್. ಏಳನೇ ಹಾಡಿಗೆ ನಿಮ್ಮ ಕಿವಿಯವು ನೀವು ತೆಗೆದ್ರಿ. ಶ್ರೀಲಕ್ಷ್ಮಿಗೆ ಎರಡೂ ಒತ್ತಿ ಹಾಕ್ಕೋ ಅಂದ್ರಿ. ಆರು ವರ್ಷ ಕಲಿಸಿದ ಶಿಷ್ಯೆ. ನಿಮ್ಮ ಲೆಕ್ಕ ಸರಿ ಇದ್ದಿದ್ರ ಇವತ್ತು ಅವಳ ಎರಡೂ ಕಿವಿ ಹೋಗಿರ್ತಿದ್ದವು. ಮಗಳು ಬಿದ್ದಾಗ ನಿಮಗ ಅಲ್ಲೇ ಎಲ್ಲಾ ತಿಳೀತು. ವಿಡಿಯೊದಾಗ ಕಾಣ್ತದ, ತಲೆ ಹಿಡ್ಕೊಂಡು ಕೂತ್ರಿ. ಆಮೇಲೆ ಎದ್ದು ಹೋಗಿ ಇವನನ್ನ ಹೊಡದ್ರಿ.”



ತಾರಾನಾಥ ಅಂಬಾದಾಸನ ತೋಳು ಮುಟ್ಟಿದರು. “ಆಯ್ತು ಬಿಡು ಮಾರಾಯ, ಶನಿವಾರ ಕಲ್ಯಾಣದಲ್ಲಿ ಮದುವೆ ಆರ್ಡರ್ ಉಂಟು. ಬೇಗ ಬಾ.”

ಅಂಬಾದಾಸ ತೋಳು ಬಿಡಿಸಿಕೊಂಡ. ಮಧ್ವೇಶರ ಕಡೆ ನೋಡಿ ಅಂದ, “ನನ್ನ ಹೆಂಡ್ತಿ ನಾಕು ದಿನದಿಂದ ಓಣ್ಯಾಗ ಮುಖ ತೋರಿಸಿಲ್ರಿ. ನನಗ ಹೊಡದದ್ದು ಇರಲಿ. ನೀ ಮಾಡಿಲ್ಲ ಅಂತ ಒಂದು ಮಾತು ನಿಮ್ಮ ಬಾಯಿಲೆ ಬರಲಿ.”

“ಇವತ್ತೇ ಕೋರ್ಟಿಗೆ ರಿಪೋರ್ಟ್ ಹಾಕಿ ಇವನನ್ನ ಬಿಡಸ್ತೀನಿ,” ಅಂದಳು ದಾನೇಶ್ವರಿ. “ನೀವು ಹೇಳಿದ್ರೂ ಅಷ್ಟೇ, ಹೇಳದಿದ್ರೂ ಅಷ್ಟೇ. ಆದ್ರ ಅವನು ಕೇಳ್ಯಾನ.”

ಮಧ್ವೇಶ ಮಗಳ ಕಡೆ ಕೈ ಮಾಡಿ, ಇವಳ ಮುಂದೆ ಬೇಡ ಎಂಬಂತೆ ತಲೆ ಆಡಿಸಿದರು. ಯಾರೂ ಕದಲಲಿಲ್ಲ. ಕೊನೆಗೆ ಅವರ ತುಟಿ ಅಲುಗಿತು. ಎರಡೇ ಮಾತು, ಎದೆಯೊಳಗೇ ಹೇಳಿಕೊಂಡ ಹಾಗೆ. ದಾನೇಶ್ವರಿಗೆ ಕೇಳಿಸಿತು. ಅಂಬಾದಾಸನಿಗೂ ಕೇಳಿಸಿತು.

ಸಂಜನಾ ಅಪ್ಪನತ್ತ ಪೂರ್ತಿ ತಿರುಗಿದಳು.

“ಪಪ್ಪಾ, ನನಗೆ ಕೇಳಲಿಲ್ಲ,” ಅಂದಳು. ಬಲಗೈಯಿಂದ ಸೋಫಾದ ಇನ್ನೊಂದು ತುದಿಯನ್ನು ತಟ್ಟಿದಳು. “ಈ ಕಡೆ ಬಂದು ಹೇಳಿ.”

ಆ ಬದಿಗೆ ನಿಂತಿದ್ದ ಅಂಬಾದಾಸ ಎರಡು ಹೆಜ್ಜೆ ಹಿಂದೆ ಸರಿದು ಅವರಿಗೆ ದಾರಿ ಬಿಟ್ಟ.